ಎರಡು ಕಂಪ್ಯೂಟರುಗಳ ನಡುವೆ ಇಂಟರ್ನೆಟ್, ಪ್ರಿಂಟರ್ ಮತ್ತು ಇತರ ಸಾಧನಗಳನ್ನು ಹಂಚಿಕೊಳ್ಳುವ ಕ್ರಮ

ಮನೆಗೆ ಎರಡನೆಯ ಕಂಪ್ಯೂಟರ್ ಬಂದ ಮಾತ್ರಕ್ಕೆ ಪ್ರಿಂಟರ್, ಮಾನಿಟರ್, ಕೀಬೋರ್ಡ್, ಹಾರ್ಡ್ ಡಿಸ್ಕ್‌ಗಳನ್ನೆಲ್ಲ ಇನ್ನೊಮ್ಮೆ ಕೊಳ್ಳಬೇಕಾಗಿಲ್ಲ. ಇನ್ನೊಂದು ಇಂಟರ್ನೆಟ್ ಸಂಪರ್ಕವಂತೂ ಅನಗತ್ಯ. ಇವುಗಳಲ್ಲಿ ಹೆಚ್ಚಿನವನ್ನು ಹಂಚಿಕೊಳ್ಳಲು ಬೇಕಾದ ಸೌಲಭ್ಯ ವಿಂಡೋಸ್, ಮ್ಯಾಕ್ ಓಎಸ್, ಲಿನಕ್ಸ್ ಮೂರರಲ್ಲಿಯೂ ಮೊದಲೇ ಅಡಕವಾಗಿರುತ್ತದೆ. ಆದರೆ ಸೆಟಿಂಗ್ಸ್ ತೆರೆಯುವುದಕ್ಕೆ ಮುಂಚೆ ಪ್ರತಿಯೊಂದು ಸಾಧನದ ಬಗೆಗೂ ಒಂದು ವಿಷಯವನ್ನು ತೀರ್ಮಾನಿಸಿಕೊಳ್ಳಬೇಕು: ಅದು ಯಾವುದರ ವಶದಲ್ಲಿರಬೇಕು? ಪ್ರಿಂಟರಿನ ಯುಎಸ್‌ಬಿ ಕೇಬಲ್ ಮೊದಲನೆಯ ಕಂಪ್ಯೂಟರಿಗೆ ಸಿಕ್ಕಿಸಿದ್ದರೆ, ಆ ಕಂಪ್ಯೂಟರ್ ಚಾಲೂ ಇರುವಷ್ಟು ಹೊತ್ತು ಮಾತ್ರ ಎರಡನೆಯದರಿಂದ ಮುದ್ರಿಸಲು ಸಾಧ್ಯ. ಅದನ್ನು ಆರಿಸಿದರೆ, ಅಥವಾ ಅದು ತಾನಾಗಿ ಸ್ಲೀಪ್ ಸ್ಥಿತಿಗೆ ಹೋದರೆ, ಪ್ರಿಂಟರ್ ಎದುರಿಗೇ ಇದ್ದರೂ ಕೈಗೆ ಸಿಗುವುದಿಲ್ಲ. ಅದೇ ಪ್ರಿಂಟರ್ ನೇರವಾಗಿ ರೌಟರಿಗೆ (ಮನೆಯ ಯಂತ್ರಗಳನ್ನೆಲ್ಲ ಒಂದೇ ಜಾಲಕ್ಕೆ ಸೇರಿಸಿ ಇಂಟರ್ನೆಟ್ ಹಂಚುವ ಪೆಟ್ಟಿಗೆಗೆ) ಸೇರಿದ್ದರೆ ಎರಡೂ ಕಂಪ್ಯೂಟರುಗಳಿಗೆ ಅದರ ಮೇಲೆ ಸಮಾನ ಹಕ್ಕಿರುತ್ತದೆ. ಆದ್ದರಿಂದ ರೌಟರಿಗೆ ಸೇರಿಸಬಹುದಾದುದನ್ನೆಲ್ಲ ರೌಟರಿಗೇ ಸೇರಿಸಿ, ಹಾಗೆ ಸೇರಿಸಲಾಗದ್ದನ್ನು ಮಾತ್ರ ಕಂಪ್ಯೂಟರಿನ ಮೂಲಕ ಹಂಚುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಕೆಲಸದ ಅನುಕ್ರಮವೂ ಮುಖ್ಯ: ಎರಡೂ ಕಂಪ್ಯೂಟರುಗಳು ಒಂದನ್ನೊಂದು ಕಾಣುತ್ತಿವೆ ಎಂಬುದು ಖಚಿತವಾಗುವ ತನಕ ಪ್ರಿಂಟರಿನ ತಂಟೆಗೆ ಹೋಗಬಾರದು.

ಮೊದಲು ಜಾಲ

ರೌಟರ್ ಇದ್ದರೆ ಇಂಟರ್ನೆಟ್ ಹಂಚಿಕೆಯ ಕೆಲಸ ಬಹುಮಟ್ಟಿಗೆ ಮುಗಿದಂತೆಯೇ. ರೌಟರಿನ ಹಿಂಬದಿಯಲ್ಲಿ ಬೇರೆ ಬಣ್ಣದಲ್ಲಿರುವ ಅಥವಾ ‘ವ್ಯಾನ್’ ಎಂದು ಗುರುತಿಸಿರುವ ಪೋರ್ಟ್ ಹೊರಗಿನಿಂದ ಬರುವ ಸಂಪರ್ಕಕ್ಕೆ ಮೀಸಲು. ‘ಲ್ಯಾನ್’ ಎಂದು ಬರೆದಿರುವ ಉಳಿದ ಪೋರ್ಟುಗಳು ಕಂಪ್ಯೂಟರುಗಳಿಗೆ. ಒಂದು ಕಂಪ್ಯೂಟರನ್ನು ಕೇಬಲ್ ಮೂಲಕ, ಇನ್ನೊಂದನ್ನು ವೈಫೈ ಮೂಲಕ ಸೇರಿಸಿದರೂ ಎರಡೂ ಒಂದೇ ಜಾಲದಲ್ಲಿರುತ್ತವೆ. ಆದರೂ ಒಂದೆಡೆ ಕದಲದೆ ಕೂರುವ ಕಂಪ್ಯೂಟರಿಗೆ ಕೇಬಲ್ ಹಾಕುವುದು ಲೇಸು. ‘ಕ್ಯಾಟ್ 5ಇ’ ದರ್ಜೆಯ ಕೇಬಲ್ 100 ಮೀಟರ್ ದೂರದವರೆಗೂ ಸೆಕೆಂಡಿಗೆ 1 ಗಿಗಾಬಿಟ್ ವೇಗವನ್ನು ತಾಳಿಕೊಳ್ಳುತ್ತದೆ. ಆ ವೇಗದಲ್ಲಿ 4 ಜಿಬಿ ಗಾತ್ರದ ಒಂದು ವಿಡಿಯೊ ಸುಮಾರು 40 ಸೆಕೆಂಡುಗಳಲ್ಲಿ ಈ ಕಡೆಯಿಂದ ಆ ಕಡೆಗೆ ಸಾಗಿದರೆ, 100 ಮೆಗಾಬಿಟ್‌ನ ಹಳೆಯ ಪೋರ್ಟಿನಲ್ಲಿ ಅದಕ್ಕೆ ಹೆಚ್ಚುಕಡಿಮೆ ಆರು ನಿಮಿಷ ಬೇಕು. ಇಲ್ಲಿ ಗಮನಿಸಬೇಕಾದದ್ದೆಂದರೆ, ಗಿಗಾಬಿಟ್ ವೇಗಕ್ಕೆ ಕೇಬಲ್ ಒಳಗಿನ ಎಂಟೂ ತಂತಿಗಳು ಸರಿಯಾಗಿರಬೇಕು, 100 ಮೆಗಾಬಿಟ್‌ಗೆ ನಾಲ್ಕು ತಂತಿಗಳಿದ್ದರೆ ಸಾಕು. ಹೀಗಾಗಿ ಒಂದು ತಂತಿ ಮುರಿದ ಕೇಬಲ್ ಕೆಲಸ ನಿಲ್ಲಿಸದೆ, ದೂರನ್ನೂ ಹೇಳದೆ, ಕೆಳಗಿನ ವೇಗಕ್ಕೆ ಇಳಿದುಬಿಡಬಹುದು. ನಕಲು ವಿಪರೀತ ನಿಧಾನವೆನಿಸಿದರೆ ಮೊದಲು ಕೇಬಲ್ ಬದಲಿಸಿ ನೋಡಬೇಕು.

ಎರಡೂ ಯಂತ್ರಗಳು ನಿಜಕ್ಕೂ ಒಂದೇ ಜಾಲದಲ್ಲಿವೆಯೇ ಎಂಬುದನ್ನು ಪರೀಕ್ಷಿಸಲು ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಐಪಿಕಾನ್ಫಿಗ್’ (ipconfig) ಆದೇಶವನ್ನು ಕೊಟ್ಟು, ಜಾಲದಲ್ಲಿ ಆ ಕಂಪ್ಯೂಟರಿನ ವಿಳಾಸವನ್ನು ತೋರಿಸುವ ‘ಐಪಿವಿ4 ಅಡ್ರೆಸ್’ ಎಂಬ ಸಾಲನ್ನು ಓದಿ ಬರೆದುಕೊಳ್ಳಬೇಕು. ಮೊದಲನೆಯದರಲ್ಲಿ 192.168.1.5 ಎಂದೂ ಎರಡನೆಯದರಲ್ಲಿ 192.168.1.8 ಎಂದೂ ಇದೆ ಎಂದಿಟ್ಟುಕೊಳ್ಳೋಣ. ಮನೆಯ ರೌಟರುಗಳ ಸಾಮಾನ್ಯ ಏರ್ಪಾಟಿನಲ್ಲಿ ಚುಕ್ಕೆಗಳಿಂದ ಬೇರ್ಪಟ್ಟ ನಾಲ್ಕು ಸಂಖ್ಯೆಗಳಲ್ಲಿ ಮೊದಲ ಮೂರು ಒಂದೇ ಆಗಿದ್ದು ಕೊನೆಯದು ಮಾತ್ರ ಬೇರೆಯಾಗಿದ್ದರೆ ಎಲ್ಲವೂ ಸರಿಯಾಗಿದೆ ಎಂದರ್ಥ. ಒಂದರಲ್ಲಿ 192.168.1.5, ಇನ್ನೊಂದರಲ್ಲಿ 192.168.0.8 ಎಂದು ಕಂಡರೆ, ಮನೆಯಲ್ಲಿ ಒಂದರ ಹಿಂದೆ ಒಂದರಂತೆ ಎರಡು ರೌಟರುಗಳಿದ್ದು ಕಂಪ್ಯೂಟರುಗಳು ಬೇರೆಬೇರೆ ರೌಟರುಗಳ ಆಶ್ರಯದಲ್ಲಿವೆ ಎಂದು ತಿಳಿಯಬೇಕು. ಎರಡರಲ್ಲಿಯೂ ಇಂಟರ್ನೆಟ್ ಚೆನ್ನಾಗಿಯೇ ಬರುತ್ತಿರುವುದರಿಂದ ಈ ದೋಷ ಬಹಳ ಕಾಲ ಗಮನಕ್ಕೇ ಬರುವುದಿಲ್ಲ. ಎರಡನೆಯ ರೌಟರನ್ನು ತಾನೇ ವಿಳಾಸ ಹಂಚದೆ ಸಂಪರ್ಕವನ್ನಷ್ಟೇ ಮುಂದುವರಿಸುವ ‘ಆಕ್ಸೆಸ್ ಪಾಯಿಂಟ್’ ವಿಧಾನಕ್ಕೆ ಬದಲಿಸಿದರೆ ಅದು ಸರಿಹೋಗುತ್ತದೆ. ವಿಳಾಸ 169.254 ಎಂದು ಆರಂಭವಾಗಿದ್ದರೆ ಕಂಪ್ಯೂಟರಿಗೆ ರೌಟರಿನಿಂದ ವಿಳಾಸವೇ ಸಿಕ್ಕಿಲ್ಲ, ಅದು ತನಗೆ ತಾನೇ ಒಂದನ್ನು ಕೊಟ್ಟುಕೊಂಡಿದೆ.

ವಿಳಾಸಗಳು ಸರಿಯಾಗಿದ್ದೂ ಕಂಪ್ಯೂಟರುಗಳು ಒಂದನ್ನೊಂದು ಕಾಣದಿದ್ದರೆ, ಅವುಗಳಲ್ಲೊಂದು ರೌಟರಿನ ‘ಗೆಸ್ಟ್’ ವೈಫೈಗೆ ಸೇರಿಕೊಂಡಿದೆಯೇ ಎಂದು ನೋಡಬೇಕು. ಅತಿಥಿಗಳಿಗಾಗಿ ಇರುವ ಆ ಜಾಲವು ಇಂಟರ್ನೆಟ್ ಕೊಡುತ್ತದೆಯೇ ಹೊರತು ಮನೆಯ ಇತರ ಯಂತ್ರಗಳತ್ತ ಸುಳಿಯಗೊಡುವುದಿಲ್ಲ. ಅದರ ಉದ್ದೇಶವೇ ಅದು.

ರೌಟರ್ ಇಲ್ಲದಿದ್ದಾಗ

ಇಂಟರ್ನೆಟ್ ಒಂದೇ ಕಂಪ್ಯೂಟರಿಗೆ ಬರುತ್ತಿದ್ದರೆ, ಉದಾಹರಣೆಗೆ ಯುಎಸ್‌ಬಿ ಡಾಂಗಲ್ ಅಥವಾ ಕೇಬಲ್ ಹಾಕಿದ ಮೊಬೈಲ್ ಫೋನಿನ ಮೂಲಕ ಬರುತ್ತಿದ್ದರೆ, ಆ ಕಂಪ್ಯೂಟರನ್ನೇ ರೌಟರಿನಂತೆ ದುಡಿಸಿಕೊಳ್ಳಬಹುದು. ವಿಂಡೋಸ್‌ನಲ್ಲಿ ‘ಇಂಟರ್ನೆಟ್ ಕನೆಕ್ಷನ್ ಶೇರಿಂಗ್’ ಎಂಬ ಈ ಸೌಲಭ್ಯ 1999ರ ವಿಂಡೋಸ್ 98 ಎರಡನೆಯ ಆವೃತ್ತಿಯಿಂದಲೂ ಇದೆ. ಎರಡು ಕಂಪ್ಯೂಟರುಗಳ ನಡುವೆ ನೇರವಾಗಿ ಒಂದು ನೆಟ್‌ವರ್ಕ್ ಕೇಬಲ್ ಹಾಕಬೇಕು. ಹಿಂದೆ ಇದಕ್ಕೆ ತಂತಿಗಳನ್ನು ಅದಲುಬದಲು ಮಾಡಿದ ‘ಕ್ರಾಸ್‌ಓವರ್’ ಕೇಬಲ್ ಬೇಕಾಗುತ್ತಿತ್ತು. ಗಿಗಾಬಿಟ್ ಪೋರ್ಟುಗಳು ಆ ಹೊಂದಾಣಿಕೆಯನ್ನು ತಾವೇ ಮಾಡಿಕೊಳ್ಳುವುದರಿಂದ ಈಗ ಸಾಮಾನ್ಯ ಕೇಬಲ್ ಸಾಕು.

ನಂತರ ಇಂಟರ್ನೆಟ್ ಬರುತ್ತಿರುವ ಕಂಪ್ಯೂಟರಿನಲ್ಲಿ ಕಂಟ್ರೋಲ್ ಪ್ಯಾನೆಲ್‌ನ ‘ನೆಟ್‌ವರ್ಕ್ ಅಂಡ್ ಶೇರಿಂಗ್ ಸೆಂಟರ್’ ತೆರೆದು, ‘ಚೇಂಜ್ ಅಡಾಪ್ಟರ್ ಸೆಟಿಂಗ್ಸ್’ ಒತ್ತಿದರೆ ಆ ಯಂತ್ರದಲ್ಲಿರುವ ಸಂಪರ್ಕಗಳೆಲ್ಲ ಕಾಣುತ್ತವೆ. ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಹಂಚಿಕೆಯ ಗುರುತನ್ನು ಹಾಕಬೇಕಾದದ್ದು ಹೊರಗಿನಿಂದ ಇಂಟರ್ನೆಟ್ ತರುತ್ತಿರುವ ಸಂಪರ್ಕಕ್ಕೆ, ಎರಡನೆಯ ಕಂಪ್ಯೂಟರಿನತ್ತ ಹೋಗುವ ಸಂಪರ್ಕಕ್ಕಲ್ಲ. ಸರಿಯಾದುದರ ಮೇಲೆ ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’ಗೆ, ಅಲ್ಲಿಂದ ‘ಶೇರಿಂಗ್’ ಪುಟಕ್ಕೆ ಹೋಗಿ, ಇತರರು ಈ ಕಂಪ್ಯೂಟರಿನ ಮೂಲಕ ಇಂಟರ್ನೆಟ್ ಬಳಸಬಹುದೆಂಬ ಮೊದಲ ಚೌಕಕ್ಕೆ ಗುರುತು ಹಾಕಿ, ಕೆಳಗೆ ಪಟ್ಟಿ ಕೇಳಿದರೆ ಎರಡನೆಯ ಕಂಪ್ಯೂಟರಿನತ್ತ ಹೋಗುವ ಸಂಪರ್ಕವನ್ನು ಆರಿಸಬೇಕು. ಹಂಚುವ ಯಂತ್ರ 192.168.137.1 ಎಂಬ ವಿಳಾಸವನ್ನು ತಾಳುತ್ತದೆ. ವಿಳಾಸವನ್ನು ತಾನಾಗಿ ಪಡೆಯುವಂತೆ ಹೊಂದಿಸಿದ ಎರಡನೆಯ ಯಂತ್ರಕ್ಕೆ ಅದೇ ಸಾಲಿನ ಇನ್ನೊಂದು ವಿಳಾಸ ಸಿಗುತ್ತದೆ. ಹಾಗೆ ಸಿಕ್ಕಿತೆಂದರೆ ಬ್ರೌಸರ್ ತೆರೆದು ನೋಡಬಹುದು. ಕಂಪ್ಯೂಟರನ್ನು ಮರುಚಾಲನೆ ಮಾಡಿದ ಬಳಿಕ ಹಂಚಿಕೆ ನಿಂತುಹೋಗುವುದು ವಿಂಡೋಸ್ 10ರಲ್ಲಿ ಎಲ್ಲರಿಗೂ ಗೊತ್ತಿರುವ ತೊಂದರೆ. ಗುರುತನ್ನು ತೆಗೆದು ಮತ್ತೆ ಹಾಕಿದರೆ ಅದು ಮರಳಿ ಬರುತ್ತದೆ. ಕೇಬಲ್ ಹಾಕಲು ಮನಸ್ಸಿಲ್ಲದವರು ವೈಫೈ ಇರುವ ಯಂತ್ರದಲ್ಲಿ ‘ಮೊಬೈಲ್ ಹಾಟ್‌ಸ್ಪಾಟ್’ ಚಾಲೂ ಮಾಡಬಹುದು.

ಮ್ಯಾಕ್‌ನಲ್ಲಿ ಸಿಸ್ಟಮ್ ಸೆಟಿಂಗ್ಸ್‌ನ ‘ಜನರಲ್’ ವಿಭಾಗದೊಳಗಿನ ‘ಶೇರಿಂಗ್’ ಪುಟದಲ್ಲಿ ‘ಇಂಟರ್ನೆಟ್ ಶೇರಿಂಗ್’ ಇದೆ. ಲಿನಕ್ಸ್‌ನ ನೆಟ್‌ವರ್ಕ್ ಮ್ಯಾನೇಜರಿನಲ್ಲಿ, ಎರಡನೆಯ ಕಂಪ್ಯೂಟರಿನತ್ತ ಹೋಗುವ ಸಂಪರ್ಕದ ಐಪಿವಿ4 ವಿಧಾನವನ್ನು ‘ಶೇರ್ಡ್ ಟು ಅದರ್ ಕಂಪ್ಯೂಟರ್ಸ್’ ಎಂದು ಬದಲಿಸಿದರೆ ಸಾಕು. ಅಂದರೆ ಲಿನಕ್ಸ್‌ನಲ್ಲಿ ಗುರುತು ಹಾಕುವ ಜಾಗ ವಿಂಡೋಸ್‌ಗೆ ತಿರುವುಮುರುವು.

ಒಂದು ಎಚ್ಚರಿಕೆ. ರೌಟರ್ ಇರುವ ಮನೆಯಲ್ಲಿ ಈ ಸೌಲಭ್ಯವನ್ನು ಸುಮ್ಮನೆ ಚಾಲೂ ಮಾಡಬಾರದು. ವಿಳಾಸ ಹಂಚುವ ಕೆಲಸಕ್ಕೆ ರೌಟರಿನ ಜೊತೆ ಈ ಕಂಪ್ಯೂಟರೂ ನಿಂತು, ಯಾವ ಯಂತ್ರಕ್ಕೆ ಯಾರ ವಿಳಾಸ ಸಿಗುತ್ತದೆಂದು ಹೇಳಲಾಗದಂತಾಗುತ್ತದೆ.

ಬಾಗಿಲು ತೆರೆಯುವುದು, ಆದರೆ ಮನೆಯವರಿಗೆ ಮಾತ್ರ

ವಿಂಡೋಸ್ ಪ್ರತಿ ಜಾಲವನ್ನೂ ‘ಪಬ್ಲಿಕ್’ ಅಥವಾ ‘ಪ್ರೈವೇಟ್’ ಎಂದು ವಿಂಗಡಿಸುತ್ತದೆ. ಪಬ್ಲಿಕ್ ಎಂದಿರುವಾಗ ಹಂಚಿಕೆಯ ಬಾಗಿಲುಗಳನ್ನು, ಬೇಡದ ಸಂಪರ್ಕಗಳನ್ನು ತಡೆಯುವ ತಂತ್ರಾಂಶವಾದ ಫೈರ್‌ವಾಲ್ ಮುಚ್ಚಿಟ್ಟಿರುತ್ತದೆ. ಸೆಟಿಂಗ್ಸ್‌ನ ‘ನೆಟ್‌ವರ್ಕ್ ಅಂಡ್ ಇಂಟರ್ನೆಟ್’ ವಿಭಾಗದಲ್ಲಿ ಮನೆಯ ಸಂಪರ್ಕದ ಪ್ರಾಪರ್ಟೀಸ್ ತೆರೆದು, ಎರಡೂ ಕಂಪ್ಯೂಟರುಗಳಲ್ಲಿ ಅದನ್ನು ಪ್ರೈವೇಟ್ ಮಾಡಬೇಕು. ‘ಅಡ್ವಾನ್ಸ್ಡ್ ಶೇರಿಂಗ್ ಸೆಟಿಂಗ್ಸ್’ನಲ್ಲಿ ‘ನೆಟ್‌ವರ್ಕ್ ಡಿಸ್ಕವರಿ’ ಮತ್ತು ‘ಫೈಲ್ ಅಂಡ್ ಪ್ರಿಂಟರ್ ಶೇರಿಂಗ್’ ಎರಡನ್ನೂ ಚಾಲೂ ಮಾಡಬೇಕು. ಇಷ್ಟಾದ ಮೇಲೆ ಮೊದಲ ಕಂಪ್ಯೂಟರಿನಿಂದ ‘ಪಿಂಗ್’ (ping) ಆದೇಶದ ಮುಂದೆ 192.168.1.8 ಎಂಬ ವಿಳಾಸ ಬರೆದು ಎಂಟರ್ ಒತ್ತಿದರೆ, ಎರಡನೆಯದರಿಂದ ನಾಲ್ಕು ಸಾಲು ಉತ್ತರ ಬರಬೇಕು. ಬಂದರೆ ಜಾಲದ ಕೆಲಸ ಮುಗಿಯಿತು. ಬಾರದಿದ್ದರೆ ಬೇರೆ ಫೈರ್‌ವಾಲ್ ತಂತ್ರಾಂಶವೇನಾದರೂ ಅಡ್ಡಬಂದಿದೆಯೇ ಎಂದು ನೋಡಬೇಕು. ಫೈರ್‌ವಾಲನ್ನೇ ಪೂರ್ತಿ ಆರಿಸಿಬಿಡುವುದು ಪರಿಹಾರವಲ್ಲ.

ಅನೇಕರ ತಾಳ್ಮೆ ಕೆಡುವುದು ಇದರ ಮುಂದಿನ ಹೆಜ್ಜೆಯಲ್ಲಿ. ಎರಡನೆಯ ಕಂಪ್ಯೂಟರಿನ ಫೈಲ್ ಎಕ್ಸ್‌ಪ್ಲೋರರಿನ ವಿಳಾಸಪಟ್ಟಿಯಲ್ಲಿ \\192.168.1.5 ಎಂದು ಬರೆದು ಎಂಟರ್ ಒತ್ತಿದಾಗ ಹೆಸರು ಮತ್ತು ಪಾಸ್‌ವರ್ಡ್ ಕೇಳುವ ಚೌಕ ತೆರೆದುಕೊಳ್ಳುತ್ತದೆ. ದಿನವೂ ಕಂಪ್ಯೂಟರ್ ತೆರೆಯಲು ಬಳಸುವ ನಾಲ್ಕಂಕಿಯ ಪಿನ್ ಅನ್ನು ಅಲ್ಲಿ ಎಷ್ಟು ಸಲ ಒತ್ತಿದರೂ ಒಪ್ಪುವುದಿಲ್ಲ. ಪಿನ್ ಆ ಒಂದು ಯಂತ್ರಕ್ಕೆ ಮಾತ್ರ ಸೀಮಿತವಾದದ್ದು; ಜಾಲದ ಮೂಲಕ ಪ್ರವೇಶಿಸಲು ಖಾತೆಯ ನಿಜವಾದ ಪಾಸ್‌ವರ್ಡೇ ಬೇಕು, ಮೈಕ್ರೋಸಾಫ್ಟ್ ಖಾತೆಯಾಗಿದ್ದರೆ ಹೆಸರಿನ ಜಾಗದಲ್ಲಿ ಆ ಖಾತೆಯ ಇಮೇಲ್ ವಿಳಾಸ ಬೇಕು. ಪಾಸ್‌ವರ್ಡನ್ನೇ ಇಡದ ಖಾತೆಗೆ ಜಾಲದ ಮೂಲಕ ಪ್ರವೇಶವಿಲ್ಲ. ಈ ಗೋಜಲು ಬೇಡವೆಂದರೆ, ಹಂಚುವ ಕಂಪ್ಯೂಟರಿನಲ್ಲಿ ಹಂಚಿಕೆಗೆಂದೇ ಒಂದು ಸ್ಥಳೀಯ ಖಾತೆಯನ್ನು ಗಟ್ಟಿಯಾದ ಪಾಸ್‌ವರ್ಡಿನೊಂದಿಗೆ ತೆರೆದು, ಅದರ ವಿವರಗಳನ್ನು ಎರಡನೆಯ ಕಂಪ್ಯೂಟರಿನಲ್ಲಿ ಒಮ್ಮೆ ಕೊಟ್ಟು ನೆನಪಿಟ್ಟುಕೊಳ್ಳುವಂತೆ ಹೇಳಿದರೆ ಮತ್ತೆ ಕೇಳುವುದಿಲ್ಲ. ಪಾಸ್‌ವರ್ಡ್ ರಕ್ಷಣೆಯನ್ನೇ ತೆಗೆದುಹಾಕಿರೆಂಬ ಸಲಹೆ ಅಲ್ಲಲ್ಲಿ ಕೇಳಿಬರುತ್ತದೆ. ಅದು ಸುಲಭವೇನೋ ಹೌದು, ಆದರೆ ಆಗ ವೈಫೈ ಪಾಸ್‌ವರ್ಡ್ ಗೊತ್ತಿರುವ ಯಾರಿಗೆ ಬೇಕಾದರೂ ಹಂಚಿಕೆ ತೆರೆದಿರುತ್ತದೆ. ಲ್ಯಾಪ್‌ಟಾಪನ್ನು ಹೊರಗೆ ಒಯ್ದು ಬೇರೆಯವರ ವೈಫೈಗೆ ಸೇರಿಸುವಾಗ ಆ ಜಾಲವನ್ನು ಪಬ್ಲಿಕ್ ಎಂದೇ ಇರಗೊಡಬೇಕು.

‘ಹೋಮ್‌ಗ್ರೂಪ್’ ಎಂಬ ಹೆಸರು ಹಳೆಯ ಮಾರ್ಗದರ್ಶಿಗಳಲ್ಲಿ ಸಿಗುತ್ತದೆ. ಅದನ್ನು 2018ರಲ್ಲಿ ವಿಂಡೋಸ್ 10ರಿಂದ ತೆಗೆಯಲಾಗಿದೆ, ಹುಡುಕುತ್ತ ಕೂರಬೇಕಾಗಿಲ್ಲ.

ಪ್ರಿಂಟರ್

ಪ್ರಿಂಟರಿಗೆ ಸ್ವಂತ ವೈಫೈ ಅಥವಾ ನೆಟ್‌ವರ್ಕ್ ಪೋರ್ಟ್ ಇದ್ದರೆ ಯುಎಸ್‌ಬಿ ಕೇಬಲನ್ನು ಬಿಚ್ಚಿ ಎತ್ತಿಟ್ಟು, ಅದನ್ನು ರೌಟರಿಗೇ ಸೇರಿಸಬೇಕು. ಹಲವು ಪ್ರಿಂಟರುಗಳು 2.4 ಗಿಗಾಹರ್ಟ್ಸ್ ವೈಫೈಯನ್ನಷ್ಟೇ ಬಲ್ಲವು. ಕಂಪ್ಯೂಟರ್ 5 ಗಿಗಾಹರ್ಟ್ಸ್‌ನಲ್ಲಿದ್ದರೂ ಚಿಂತೆಯಿಲ್ಲ, ಎರಡೂ ಒಂದೇ ರೌಟರಿನ ಒಂದೇ ಜಾಲಕ್ಕೆ ಸೇರಿದವು. ಬಳಿಕ ಎರಡೂ ಕಂಪ್ಯೂಟರುಗಳಲ್ಲಿ ಪ್ರತ್ಯೇಕವಾಗಿ ‘ಆಡ್ ಪ್ರಿಂಟರ್’ ಮಾಡಿಕೊಳ್ಳಬೇಕು. ಏರ್‌ಪ್ರಿಂಟ್ (ಆಪಲ್‌ನ ಮುದ್ರಣ ಸೌಲಭ್ಯ) ಬೆಂಬಲವಿರುವ ಪ್ರಿಂಟರುಗಳಿಗೆ ಮ್ಯಾಕ್‌ನಲ್ಲಿ ಬೇರೆ ಡ್ರೈವರ್ (ಸಾಧನವನ್ನು ನಡೆಸಲು ಕಂಪ್ಯೂಟರಿಗೆ ಬೇಕಾದ ತಂತ್ರಾಂಶ) ಬೇಕಿಲ್ಲ. ಚೆನ್ನಾಗಿ ನಡೆಯುತ್ತಿದ್ದ ನೆಟ್‌ವರ್ಕ್ ಪ್ರಿಂಟರ್ ಒಂದು ದಿನ ಇದ್ದಕ್ಕಿದ್ದಂತೆ ‘ಆಫ್‌ಲೈನ್’ ಎನ್ನತೊಡಗಿದರೆ, ರೌಟರ್ ಅದಕ್ಕೆ ಹೊಸ ವಿಳಾಸ ಕೊಟ್ಟಿದ್ದು ಕಂಪ್ಯೂಟರ್ ಹಳೆಯ ವಿಳಾಸದಲ್ಲೇ ಅದನ್ನು ಹುಡುಕುತ್ತಿರುವ ಸಂಭವ ಹೆಚ್ಚು. ರೌಟರಿನ ಆಡಳಿತ ಪುಟದಲ್ಲಿರುವ ‘ಅಡ್ರೆಸ್ ರಿಸರ್ವೇಶನ್’ನಲ್ಲಿ ಪ್ರಿಂಟರಿನ ಮ್ಯಾಕ್ ವಿಳಾಸಕ್ಕೆ (ಇದು ಮ್ಯಾಕ್ ಕಂಪ್ಯೂಟರಿಗೆ ಸಂಬಂಧಿಸಿದ್ದಲ್ಲ, ಸಾಧನದ ಜಾಲ-ಗುರುತಿನ ಸಂಖ್ಯೆ) ಒಂದು ಐಪಿ ವಿಳಾಸವನ್ನು ಖಾಯಂ ಮಾಡಿಬಿಟ್ಟರೆ ಈ ಕಾಟ ತಪ್ಪುತ್ತದೆ. ಪ್ರಿಂಟರ್ ಸೇರಿಸಿದ ದಿನವೇ ಇದನ್ನು ಮಾಡಿಟ್ಟುಕೊಳ್ಳುವುದು ಜಾಣತನ.

ಯುಎಸ್‌ಬಿ ಮಾತ್ರವೇ ಇರುವ ಪ್ರಿಂಟರನ್ನು ಕಂಪ್ಯೂಟರಿನ ಮೂಲಕವೇ ಹಂಚಬೇಕು. ವಿಂಡೋಸ್ ಸೆಟಿಂಗ್ಸ್‌ನ ‘ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್’ ಪುಟದಲ್ಲಿ ಆ ಪ್ರಿಂಟರನ್ನು ಆರಿಸಿ, ‘ಪ್ರಿಂಟರ್ ಪ್ರಾಪರ್ಟೀಸ್’ ತೆರೆದು, ‘ಶೇರಿಂಗ್’ ಪುಟದಲ್ಲಿ ‘ಶೇರ್ ದಿಸ್ ಪ್ರಿಂಟರ್’ ಚೌಕಕ್ಕೆ ಗುರುತು ಹಾಕಿ, ಖಾಲಿ ಜಾಗವಿಲ್ಲದ ಚಿಕ್ಕ ಹೆಸರೊಂದನ್ನು ಕೊಡಬೇಕು. ಎರಡನೆಯ ಕಂಪ್ಯೂಟರಿನಲ್ಲಿ ಆ ಪ್ರಿಂಟರಿನ ಡ್ರೈವರನ್ನು ಮೊದಲೇ ಸ್ಥಾಪಿಸಿಕೊಂಡಿದ್ದರೆ ಮುಂದಿನ ಕೆಲಸ ಸಲೀಸು. 2021ರಲ್ಲಿ ವಿಂಡೋಸ್‌ನ ಮುದ್ರಣ ವ್ಯವಸ್ಥೆಯಲ್ಲಿ ಗಂಭೀರ ಭದ್ರತಾ ಲೋಪ ಪತ್ತೆಯಾದ ಮೇಲೆ, ಜಾಲದ ಮೂಲಕ ಬರುವ ಪ್ರಿಂಟರ್ ಡ್ರೈವರನ್ನು ಸ್ಥಾಪಿಸಲು ಅಡ್ಮಿನಿಸ್ಟ್ರೇಟರ್ ಅಧಿಕಾರ ಕಡ್ಡಾಯವಾಗಿದೆ. ಡ್ರೈವರ್ ಸಿದ್ಧವಾದ ಮೇಲೆ \\192.168.1.5 ತೆರೆದರೆ ಪ್ರಿಂಟರಿನ ಚಿತ್ರ ಕಾಣುತ್ತದೆ. ಅದರ ಮೇಲೆ ಎರಡು ಸಲ ಒತ್ತಿದರೆ ಸಂಪರ್ಕವಾಗುತ್ತದೆ. ವಿಳಾಸದ ಬದಲು ಕಂಪ್ಯೂಟರಿನ ಹೆಸರನ್ನೂ ಬಳಸಬಹುದು. ವಿಳಾಸವನ್ನೇ ಬಳಸುವುದಾದರೆ ಈ ಕಂಪ್ಯೂಟರಿಗೂ ರೌಟರಿನಲ್ಲಿ ಅದನ್ನು ಖಾಯಂ ಮಾಡಿಡಬೇಕು. ಹಂಚುವ ಕಂಪ್ಯೂಟರಿನ ಪವರ್ ಸೆಟಿಂಗ್ಸ್‌ನಲ್ಲಿ ಸ್ಲೀಪ್ ಅವಧಿಯನ್ನು ‘ನೆವರ್’ ಎಂದು ಇಡದಿದ್ದರೆ ಇಷ್ಟೆಲ್ಲ ಮಾಡಿದ್ದೂ ವ್ಯರ್ಥ. ಪರದೆ ಆರಿದರೆ ಅಡ್ಡಿಯಿಲ್ಲ, ಯಂತ್ರ ಮಲಗಬಾರದು.

ಮ್ಯಾಕ್‌ನಲ್ಲಿ ಅದೇ ‘ಶೇರಿಂಗ್’ ಪುಟದ ‘ಪ್ರಿಂಟರ್ ಶೇರಿಂಗ್’ ಈ ಕೆಲಸ ಮಾಡುತ್ತದೆ. ಲಿನಕ್ಸ್‌ನಲ್ಲಿ ಕಪ್ಸ್ ಎಂಬ ಮುದ್ರಣ ವ್ಯವಸ್ಥೆಯಿದ್ದು, ಬ್ರೌಸರಿನಲ್ಲಿ ಆ ಕಂಪ್ಯೂಟರಿನದೇ 631ನೆಯ ಪೋರ್ಟ್ (ತಂತ್ರಾಂಶಗಳು ಜಾಲದಲ್ಲಿ ಬಳಸುವ ಸಂಖ್ಯೆಯ ಬಾಗಿಲು; localhost:631 ಎಂದು ಬರೆಯಬೇಕು) ತೆರೆದರೆ ಅದರ ಆಡಳಿತ ಪುಟ ಸಿಗುತ್ತದೆ.

ಪ್ರಿಂಟರ್, ಸ್ಕ್ಯಾನರ್, ಕಾಪಿಯರ್ ಮೂರೂ ಒಂದರಲ್ಲೇ ಇರುವ ಯಂತ್ರವನ್ನು ವಿಂಡೋಸ್ ಮೂಲಕ ಹಂಚಿದಾಗ ಮುದ್ರಣ ಮಾತ್ರ ಹಂಚಿಕೆಯಾಗುತ್ತದೆ, ಸ್ಕ್ಯಾನರ್ ಆಗುವುದಿಲ್ಲ. ಎರಡನೆಯ ಕಂಪ್ಯೂಟರಿನಲ್ಲಿ ಸ್ಕ್ಯಾನರ್ ಕಾಣುತ್ತಿಲ್ಲವೆಂದು ಡ್ರೈವರುಗಳನ್ನು ತೆಗೆದು ಹಾಕಿ ಮಾಡುವುದರಲ್ಲಿ ಅರ್ಥವಿಲ್ಲ. ಮೊದಲನೆಯದರಲ್ಲಿ ಸ್ಕ್ಯಾನ್ ಮಾಡಿ, ಹಂಚಿದ ಫೋಲ್ಡರಿನಲ್ಲಿ ಉಳಿಸುವುದೇ ಸರಳ ಮಾರ್ಗ.

ಫೋಲ್ಡರ್ ಮತ್ತು ಹಾರ್ಡ್ ಡಿಸ್ಕ್

ಇಡೀ ಡಿಸ್ಕನ್ನು ಹಂಚುವುದಕ್ಕಿಂತ ಹಂಚಿಕೆಗೆಂದೇ ಒಂದು ಫೋಲ್ಡರ್ ಮಾಡಿ, ಅದರ ಪ್ರಾಪರ್ಟೀಸ್‌ನ ‘ಶೇರಿಂಗ್’ ಪುಟದಲ್ಲಿ ಹಿಂದೆ ಹೇಳಿದ ಖಾತೆಗೆ ಮಾತ್ರ ಅನುಮತಿ ಕೊಡುವುದು ಉಚಿತ. ಓದಿದರೆ ಸಾಕೆಂಬ ಕಡತಗಳಿಗೆ ‘ರೀಡ್’ ಅನುಮತಿಯನ್ನಷ್ಟೇ ಕೊಟ್ಟರೆ, ಆ ಕಡೆಯಿಂದ ಕೈತಪ್ಪಿ ಅಳಿಸಿಹೋಗುವ ಭಯವಿರುವುದಿಲ್ಲ. ಹಂಚಿದ ಡಿಸ್ಕ್ ಯಾವ ಫಾರ್ಮ್ಯಾಟಿನಲ್ಲಿದೆ ಎಂಬುದು ಜಾಲದ ಮೂಲಕ ತೆರೆಯುವವರಿಗೆ ಲೆಕ್ಕಕ್ಕಿಲ್ಲ. ಅದೇ ಡಿಸ್ಕನ್ನು ಕಿತ್ತು ವಿಂಡೋಸ್‌ನಿಂದ ಮ್ಯಾಕ್‌ಗೆ ಸಿಕ್ಕಿಸುವುದಾದರೆ ಎಕ್ಸ್‌ಫ್ಯಾಟ್ ಇರಬೇಕು, ಏಕೆಂದರೆ ಎನ್‌ಟಿಎಫ್‌ಎಸ್ ಡಿಸ್ಕನ್ನು ಮ್ಯಾಕ್ ತಾನಾಗಿ ಓದಬಲ್ಲದೇ ಹೊರತು ಅದರ ಮೇಲೆ ಬರೆಯಲಾರದು.

ರೌಟರಿನಲ್ಲಿ ಯುಎಸ್‌ಬಿ ಪೋರ್ಟ್ ಇದ್ದರೆ ಡಿಸ್ಕನ್ನು ಅಲ್ಲಿಗೇ ಸಿಕ್ಕಿಸುವುದು ತತ್ವತಃ ಉತ್ತಮ. ಆದರೆ ಇಲ್ಲಿ ನನ್ನ ಉತ್ಸಾಹ ಸ್ವಲ್ಪ ಕಡಿಮೆ. ಹಳೆಯ ರೌಟರುಗಳಲ್ಲಿ ಅನೇಕವು ಎಸ್‌ಎಂಬಿ (ಜಾಲದಲ್ಲಿ ಫೈಲುಗಳನ್ನು ಹಂಚಿಕೊಳ್ಳುವ ನಿಯಮಾವಳಿ) ಒಂದನೆಯ ಆವೃತ್ತಿಯ ಮೂಲಕವೇ ಡಿಸ್ಕನ್ನು ಹಂಚುತ್ತವೆ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹರಡಿದ ವಾನ್ನಾಕ್ರೈ ಎಂಬ ದುಷ್ಟ ತಂತ್ರಾಂಶ ಬಳಸಿಕೊಂಡದ್ದು ಆ ಹಳೆಯ ಆವೃತ್ತಿಯ ದೋಷವನ್ನೇ. ಅದೇ ವರ್ಷದ ಕೊನೆಯ ಭಾಗದಲ್ಲಿ ಬಂದ ವಿಂಡೋಸ್ 10ರ ಆವೃತ್ತಿಯಿಂದ ಅದನ್ನು ಮೊದಲಿನಿಂದಲೇ ಸ್ಥಾಪಿಸುವುದು ನಿಂತಿತು. ರೌಟರಿನ ಡಿಸ್ಕ್ ತೆರೆಯದಿದ್ದರೆ ಆ ಹಳೆಯ ಆವೃತ್ತಿಯನ್ನು ಮತ್ತೆ ಚಾಲೂ ಮಾಡುವ ಬದಲು, ರೌಟರಿನ ತಂತ್ರಾಂಶವನ್ನು ನವೀಕರಿಸಿ ನೋಡಿ, ಅದೂ ಆಗದಿದ್ದರೆ ಡಿಸ್ಕನ್ನು ಕಂಪ್ಯೂಟರಿಗೇ ಸೇರಿಸುವುದು ವಾಸಿ. ಹೊರಗಿನಿಂದಲೂ ಫೈಲುಗಳನ್ನು ತೆರೆಯುವ ಆಸೆಯಿಂದ ರೌಟರಿನಲ್ಲಿ ಈ ಹಂಚಿಕೆ ಬಳಸುವ 445ನೆಯ ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆದಿಡುವ ಕೆಲಸವನ್ನಂತೂ ಎಂದಿಗೂ ಮಾಡಬಾರದು.

ಕೀಬೋರ್ಡ್, ಮೌಸ್, ಮಾನಿಟರ್

ಎರಡೂ ಕಂಪ್ಯೂಟರುಗಳಿಗೆ ಒಂದೊಂದು ಪರದೆಯಿದ್ದು ಅವು ಅಕ್ಕಪಕ್ಕದಲ್ಲಿದ್ದರೆ, ಕೀಬೋರ್ಡ್ ಮತ್ತು ಮೌಸನ್ನು ತಂತ್ರಾಂಶದ ಮೂಲಕವೇ ಹಂಚಿಕೊಳ್ಳಬಹುದು. ಎರಡೂ ವಿಂಡೋಸ್ ಆಗಿದ್ದರೆ ಮೈಕ್ರೋಸಾಫ್ಟಿನ ಉಚಿತ ಪವರ್‌ಟಾಯ್ಸ್ ಕಟ್ಟಿನಲ್ಲಿರುವ ‘ಮೌಸ್ ವಿದೌಟ್ ಬಾರ್ಡರ್ಸ್’ ಸಾಕು: ಒಂದರಲ್ಲಿ ಕಾಣುವ ಭದ್ರತಾ ಕೀಲಿಯನ್ನು ಇನ್ನೊಂದರಲ್ಲಿ ಬರೆದರೆ, ಮೌಸ್ ಬಾಣ ಈ ಪರದೆಯ ಅಂಚನ್ನು ದಾಟಿ ಆ ಪರದೆಯೊಳಗೆ ಹೋಗುತ್ತದೆ, ಕೀಬೋರ್ಡ್ ಅದರ ಹಿಂದೆಯೇ ಹೋಗುತ್ತದೆ. ಎರಡೂ ಮ್ಯಾಕ್ ಆಗಿದ್ದರೆ 2022ರಲ್ಲಿ ಬಂದ ‘ಯೂನಿವರ್ಸಲ್ ಕಂಟ್ರೋಲ್’ ಇದೆ. ಎರಡರಲ್ಲಿಯೂ ಒಂದೇ ಆಪಲ್ ಖಾತೆ ಇರಬೇಕು, ಮತ್ತು ಮ್ಯಾಕ್ ತನ್ನ ಇಂಟರ್ನೆಟ್ ಸಂಪರ್ಕವನ್ನು ಹಂಚುತ್ತಿರುವಾಗ ಇದು ನಡೆಯುವುದಿಲ್ಲ. ಒಂದು ವಿಂಡೋಸ್, ಇನ್ನೊಂದು ಮ್ಯಾಕ್ ಅಥವಾ ಲಿನಕ್ಸ್ ಎಂಬಂತಿದ್ದರೆ ಡೆಸ್ಕ್‌ಫ್ಲೋ, ಇನ್‌ಪುಟ್ ಲೀಪ್ ಎಂಬ ಮುಕ್ತ ತಂತ್ರಾಂಶಗಳಿವೆ. ಇವೆಲ್ಲವೂ ಕಾರ್ಯಾಚರಣ ವ್ಯವಸ್ಥೆ ಚಾಲೂ ಆದ ಮೇಲಷ್ಟೇ ಕೆಲಸಕ್ಕೆ ಬರುವುದರಿಂದ, ಅದಕ್ಕೂ ಮುಂಚೆ ತೆರೆಯುವ ಬಯಾಸ್ ಎಂಬ ಮೂಲ ಸೆಟಿಂಗ್ಸ್ ಪುಟಕ್ಕೆ ಹೋಗಬೇಕಾದಾಗ ಆ ಕಂಪ್ಯೂಟರಿಗೆ ಸ್ವಂತ ಕೀಬೋರ್ಡೊಂದನ್ನು ಸಿಕ್ಕಿಸಲೇಬೇಕು.

ಮಾನಿಟರ್ ಒಂದೇ ಇದ್ದರೆ ಕೆವಿಎಂ ಸ್ವಿಚ್ ಬೇಕು. ಗುಂಡಿ ಒತ್ತಿದಂತೆ ಅದು ಕೀಬೋರ್ಡ್, ಮೌಸ್, ಮಾನಿಟರ್ ಮೂರನ್ನೂ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ತಿರುಗಿಸುತ್ತದೆ. 4ಕೆ ಮಾನಿಟರ್ ಇರುವವರು ಸ್ವಿಚ್ ಮತ್ತು ಕೇಬಲುಗಳೆಲ್ಲ ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇಪೋರ್ಟ್ 1.2 ಮಟ್ಟದವೇ ಎಂಬುದನ್ನು ನೋಡಿಕೊಳ್ಳಬೇಕು, ಇಲ್ಲವಾದರೆ ಸೆಕೆಂಡಿಗೆ 60 ಚಿತ್ರಗಳ ಬದಲು 30ಕ್ಕೆ ತೃಪ್ತಿಪಡಬೇಕಾಗುತ್ತದೆ. ಮಾನಿಟರಿಗೆ ಎರಡು ಇನ್‌ಪುಟ್ ಪೋರ್ಟುಗಳಿದ್ದರೆ ಇನ್ನೊಂದು ಅಗ್ಗದ ಉಪಾಯವಿದೆ: ಎರಡೂ ಕಂಪ್ಯೂಟರುಗಳ ಕೇಬಲುಗಳನ್ನು ನೇರವಾಗಿ ಮಾನಿಟರಿಗೇ ಹಾಕಿ, ಚಿತ್ರವನ್ನು ಮಾನಿಟರಿನ ಗುಂಡಿಯಿಂದ ಬದಲಿಸುತ್ತ, ಕೀಬೋರ್ಡ್ ಮತ್ತು ಮೌಸಿಗೆ ಮಾತ್ರ ಚಿಕ್ಕ ಯುಎಸ್‌ಬಿ ಸ್ವಿಚ್ ಬಳಸುವುದು. ದಿನಕ್ಕೆ ಒಂದೆರಡು ಸಲ ಮಾತ್ರ ಬದಲಿಸುವವರಿಗೆ ಇದೇ ಮೇಲು. ಗಳಿಗೆಗೊಮ್ಮೆ ಬದಲಿಸುವವರಿಗೆ ಎರಡೆರಡು ಗುಂಡಿ ಒತ್ತುವುದು ಬೇಸರ ತರಿಸುತ್ತದೆ.

ವೆಬ್‌ಕ್ಯಾಮ್, ಮೈಕ್, ಸ್ಕ್ಯಾನರಿನಂಥ ಯುಎಸ್‌ಬಿ ಸಾಧನಗಳನ್ನು ಎರಡೂ ಕಂಪ್ಯೂಟರುಗಳು ಏಕಕಾಲದಲ್ಲಿ ಬಳಸಲಾರವು. ಅವನ್ನೂ ಇದೇ ಯುಎಸ್‌ಬಿ ಸ್ವಿಚ್ಚಿಗೆ ಸೇರಿಸಿ ಸರದಿಯ ಮೇಲೆ ಬಳಸಬಹುದು. ಆದರೆ ಸ್ವಿಚ್ಚಿಗೆ ಹಾರ್ಡ್ ಡಿಸ್ಕನ್ನೂ ಸೇರಿಸಿದ್ದರೆ, ಗುಂಡಿ ಒತ್ತುವುದೆಂದರೆ ಚಾಲೂ ಇರುವ ಡಿಸ್ಕಿನ ಕೇಬಲನ್ನು ಕಿತ್ತಂತೆಯೇ ಎಂಬುದನ್ನು ಮರೆಯದೆ, ಪ್ರತಿ ಸಲವೂ ಮೊದಲು ‘ಇಜೆಕ್ಟ್’ ಮಾಡಿಯೇ ಬದಲಿಸಬೇಕು.